ಬೆಕ್ಕು ಹಿಡಿದು ಬಿಟ್ಟ ಫಿಂಚ್‌ಗೆ ಗಾಯ ಕಾಣದಿದ್ದರೆ ಬೆಳಗಿನವರೆಗೆ ಕಾಯಬಹುದೇ?

ಗುಬ್ಬಿಗೂಡು
ಸ್ಟ್ಯಾಂಡ್ ಮೇಲಿದ್ದ ಪಂಜರವನ್ನು ಮನೆಯ ಬೆಕ್ಕು ಕೆಡವಿದೆ ಅಂದುಕೊಳ್ಳಿ. ಒಳಗಿದ್ದದ್ದು ಜೀಬ್ರಾ ಫಿಂಚ್ ಎಂಬ ಕಾಳು ತಿನ್ನುವ ಪುಟ್ಟ ಸಾಕುಹಕ್ಕಿಗಳು, ನಾಲ್ಕು. ಒಂದರ ಬಾಲದ ಗರಿಯೆಲ್ಲ ಉದುರಿ, ರೆಕ್ಕೆಯ ಬುಡದಲ್ಲಿ ಹನಿ ರಕ್ತ. ಇನ್ನೊಂದನ್ನು ಬೆಕ್ಕು ಬಾಯಲ್ಲಿ ಕಚ್ಚಿ ಹಿಡಿದು ಬಿಟ್ಟಿದೆ, ಆದರೆ ಗಾಯ ಕಾಣುತ್ತಿಲ್ಲ. ಉಳಿದೆರಡು ಕೋಣೆಯಲ್ಲಿ ಹಾರಾಡುತ್ತಿವೆ. ಹಕ್ಕಿ ಸಾಕುವವರ ಗುಂಪುಗಳಲ್ಲಿ ಇದಕ್ಕೆ ಮೊದಲು ಬರುವ ಉತ್ತರ "ರಾತ್ರಿ ಕಳೀಲಿ, ಬೆಳಗ್ಗೆ ನೋಡೋಣ". ಈ ಮಾತಿಗೆ ನನ್ನ ವಿರೋಧವಿದೆ.

ಕೊಲ್ಲುವುದು ಹಲ್ಲಿನ ತೂತಲ್ಲ, ಜೊಲ್ಲು. ಬಹುಪಾಲು ಬೆಕ್ಕುಗಳ ಬಾಯಲ್ಲಿ ಪಾಶ್ಚುರೆಲ್ಲಾ ಮಲ್ಟೋಸಿಡಾ ಎಂಬ ಬ್ಯಾಕ್ಟೀರಿಯಾ ಇರುತ್ತದೆ. ಬೆಕ್ಕಿಗೆ ಅದರಿಂದ ಏನೂ ಆಗದು. ಹಕ್ಕಿಯ ಚರ್ಮದೊಳಗೆ ಹೊಕ್ಕರೆ ರಕ್ತ ನಂಜಾಗಿ ಒಂದರಿಂದ ಮೂರು ದಿನದಲ್ಲಿ ಪ್ರಾಣ ತೆಗೆಯುತ್ತದೆ. ಬೆಕ್ಕಿನ ಕೋರೆಹಲ್ಲು ಸೂಜಿಯಂತಿರುವುದರಿಂದ ತೂತು ಅಲ್ಲೇ ಮುಚ್ಚಿಕೊಂಡು ಗರಿಯಡಿ ಮರೆಯಾಗುತ್ತದೆ. ಬೆಕ್ಕಿನ ಬಾಯಿಗೆ ಸಿಕ್ಕ ಹಕ್ಕಿಗೆ ಗಾಯ ಕಾಣಲಿ ಬಿಡಲಿ, ಅದೇ ದಿನ ಆ್ಯಂಟಿಬಯಾಟಿಕ್ ಶುರುವಾಗಬೇಕು.

ನವಣೆತೆನೆ
ಜೊಲ್ಲಿನ ವಿಷಯ ಸರಿ. ಆದರೆ ಫಿಂಚ್ ಗಿಳಿಯಲ್ಲ. ಹೆದರಿದ ಫಿಂಚನ್ನು ಅಟ್ಟಾಡಿಸಿ ಹಿಡಿದು, ರೆಕ್ಕೆ ಬಿಡಿಸಿ, ಗರಿ ಊದಿ ಗಾಯ ಹುಡುಕುತ್ತಾ ಹೋದರೆ ಕೈಯಲ್ಲೇ ಸಾಯುತ್ತದೆ. ಆಘಾತದಲ್ಲಿರುವ ಹಕ್ಕಿಗೆ ಮೊದಲು ಬೇಕಾದ್ದು ಕತ್ತಲೆ, ಬಿಸಿ, ಮೌನ. ಗಾಯ ಕಾಣದ ಹಕ್ಕಿಗೂ ಆ್ಯಂಟಿಬಯಾಟಿಕ್ ಕೊಡಿ ಅನ್ನುವುದು ಅತಿಯಾಯಿತು. ಗರಿ ಉಬ್ಬಿಸಿ ಕೂತರೆ ಆಗ ಕೊಟ್ಟರಾಯಿತು.

ಪಶುವೈದ್ಯೆ
ನವಣೆತೆನೆಯವರೇ, ನಿಮ್ಮ ಕೊನೆಯ ವಾಕ್ಯವನ್ನು ಒಪ್ಪಲಾರೆ. ಹಕ್ಕಿ ಕಾಯಿಲೆಯನ್ನು ಕೊನೆಯವರೆಗೂ ಬಚ್ಚಿಡುತ್ತದೆ. ಕಾಡಿನಲ್ಲಿ ಸೊರಗಿದಂತೆ ಕಂಡದ್ದು ಮೊದಲು ಬೇಟೆಯಾಗುತ್ತದೆ, ಅದಕ್ಕೇ ಆ ಸ್ವಭಾವ. ಗರಿ ಉಬ್ಬಿಸಿ, ಕಣ್ಣು ಮುಚ್ಚಿ, ಉಸಿರಿಗೊಮ್ಮೆ ಬಾಲ ಮೇಲೆ ಕೆಳಗೆ ಆಡಿಸುತ್ತಾ ಪಂಜರದ ತಳದಲ್ಲಿ ಕೂತಿದೆ ಅಂದರೆ ನಂಜು ಆಗಲೇ ಹರಡಿದೆ. ಆಗ ಕೊಟ್ಟ ಔಷಧಿ ಹೆಚ್ಚಿನ ಸಲ ಕೈಗೂಡುವುದಿಲ್ಲ.

ಆದರೆ ಮೊದಲ ಗಂಟೆ ನೀವು ಹೇಳಿದ ಹಾಗೇ ನಡೆಯಬೇಕು. ಬೆಕ್ಕನ್ನು ಬೇರೆ ಕೋಣೆಗೆ ಹಾಕಿ ಬಾಗಿಲು ಮುಚ್ಚಿ. ಫ್ಯಾನ್ ನಿಲ್ಲಿಸಿ, ಕಿಟಕಿ ಮುಚ್ಚಿ, ದೀಪ ಆರಿಸಿ. ಕತ್ತಲಲ್ಲಿ ಫಿಂಚ್ ಹಾರುವುದಿಲ್ಲ, ಕೂತಲ್ಲೇ ಕೂರುತ್ತದೆ. ಮೊಬೈಲ್ ಬೆಳಕಿಗೆ ಕೈ ಅಡ್ಡ ಹಿಡಿದು ಮೆತ್ತನೆ ಹತ್ತಿ ಬಟ್ಟೆಯಿಂದ ಎತ್ತಿಕೊಳ್ಳಿ. ಕುತ್ತಿಗೆ ತೋರುಬೆರಳು ಮತ್ತು ನಡುಬೆರಳ ನಡುವೆ, ಬೆನ್ನು ಅಂಗೈಗೆ. ಎದೆ ಮಾತ್ರ ಒತ್ತಬೇಡಿ. ಹಕ್ಕಿಗೆ ನಮ್ಮಂತೆ ವಪೆ (ಉಸಿರಾಡಿಸುವ ಸ್ನಾಯುಪೊರೆ, ಡಯಾಫ್ರಮ್) ಇಲ್ಲ, ಎದೆಮೂಳೆ ಆಡಿದರಷ್ಟೇ ಉಸಿರು. ಮಗುವನ್ನು ಅಪ್ಪಿದ ಹಾಗೆ ಹಿಡಿದರೆ ಅರ್ಧ ನಿಮಿಷ ಸಾಕು, ಉಸಿರು ಕಟ್ಟುತ್ತದೆ. ಕೈಯಲ್ಲೇ ಸತ್ತಿತು ಅನ್ನುವ ಎಷ್ಟೋ ಫಿಂಚ್‌ಗಳ ವಿಷಯದಲ್ಲಿ ಹೆದರಿಕೆಯಷ್ಟೇ ಈ ಹಿಡಿತವೂ ಕಾರಣ.

ನವಣೆತೆನೆ
ದೀಪ ಆರಿಸಿ ಹಿಡಿಯುವುದಾದರೆ ನನ್ನ ಆಕ್ಷೇಪ ಅರ್ಧ ಕಡಿಮೆಯಾಯಿತು. ಬಿಸಿಗೆ ಏನು ಮಾಡಿ ಅನ್ನುತ್ತೀರಿ, ಮೇಡಂ? ಬಲ್ಬ್ ಹಾಕಿ ಹಕ್ಕಿಯನ್ನು ಬೇಯಿಸಿಬಿಡುವವರೇ ಹೆಚ್ಚು.

ಪಶುವೈದ್ಯೆ
ಪೆಟ್ಟಿಗೆಯ ಒಂದು ಪಕ್ಕಕ್ಕೆ ಮಾತ್ರ ಬಿಸಿ ಕೊಡಿ, ಸೆಕೆಯಾದರೆ ಹಕ್ಕಿ ಇನ್ನೊಂದು ಪಕ್ಕಕ್ಕೆ ಸರಿಯಬೇಕು. ಒಳಗೆ 28ರಿಂದ 32 ಡಿಗ್ರಿ ಸಾಕು. ಬಿಸಿನೀರು ತುಂಬಿದ ಬಾಟಲಿಗೆ ಟವೆಲ್ ಸುತ್ತಿ ಹೊರಗೋಡೆಗೆ ಒತ್ತಿಟ್ಟು, ಆರುತ್ತಿದ್ದಂತೆ ಬದಲಿಸಿದರೂ ನಡೆಯುತ್ತದೆ. ಥರ್ಮಾಮೀಟರ್ ಇಲ್ಲದಿದ್ದರೆ ಹಕ್ಕಿಯನ್ನೇ ನೋಡಿ. ಬಾಯಿ ತೆರೆದು ರೆಕ್ಕೆಯನ್ನು ಮೈಯಿಂದ ದೂರ ಹಿಡಿದರೆ ಸೆಕೆ ಹೆಚ್ಚಾಗಿದೆ, ಗರಿ ಉಬ್ಬಿಸಿ ಉಂಡೆಯಾಗಿದ್ದರೆ ಸಾಲದು. ಸೆಕೆ ತೆಗೆದ ಮೇಲೂ ಬಾಯಿ ತೆರೆದೇ ಉಸಿರಾಡಿದರೆ ಪೆಟ್ಟು ಒಳಗಿದೆ ಎಂದರ್ಥ.

ಆ ಕೋಣೆಯಲ್ಲಿ ಸೊಳ್ಳೆಬತ್ತಿ, ಊದುಬತ್ತಿ ಬೇಡ. ಒಣಮೆಣಸಿನಕಾಯಿ ಒಗ್ಗರಣೆಯ ಘಾಟೂ ತಾಗದಂತೆ ಅಡುಗೆಮನೆಯಿಂದ ದೂರ ಇಡಿ.

ಧಾರವಾಡ ಹಕ್ಕಿಮನಿ
ಎಲ್ಲಾ ಖರೇರೀ. ಆದ್ರ ಹಳ್ಳಿಯಾಗ ರಾತ್ರಿ ಒಂಬತ್ತಕ್ಕ ಬೆಕ್ಕು ಹಿಡದ್ರ ಹಕ್ಕಿ ನೋಡೋ ಡಾಕ್ಟರ್ ಎಲ್ಲಿ ಸಿಗತಾರ? ಗಾಯಕ್ಕ ಅರಿಷಿಣ ಹಚ್ಚಿ, ಮನ್ಯಾಗಿರೋ ಹುಡುಗರ ಆ್ಯಂಟಿಬಯಾಟಿಕ್ ಸಿರಪ್ ಎರಡು ಹನಿ ಕುಡಿಯೋ ನೀರಾಗ ಹಾಕಿದ್ರ ತಪ್ಪೇನು? ಏನೂ ಮಾಡದ ಕೂಡೂಕಿಂತ ಛಲೋ ಅಲ್ಲೇನು?

ಪಶುವೈದ್ಯೆ
ಅಣ್ಣಾ, ನಿಮ್ಮ ಪ್ರಶ್ನೆ ನಿಜವಾದದ್ದು. ಲೆಕ್ಕ ಹಾಕಿ ತೋರಿಸುತ್ತೇನೆ.

ಬೆಕ್ಕಿನ ಕಡಿತಕ್ಕೆ ಅಮಾಕ್ಸಿಸಿಲಿನ್–ಕ್ಲಾವುಲನೇಟ್ ಅನ್ನು ನಾವು ಹೆಚ್ಚಾಗಿ ಮೊದಲು ಆರಿಸುತ್ತೇವೆ. ಗಾಳಿಯಿಲ್ಲದ ಕಡೆ ಬೆಳೆಯುವ ಬ್ಯಾಕ್ಟೀರಿಯಾಗಳೂ ಬೆಕ್ಕಿನ ಬಾಯಲ್ಲಿರುತ್ತವೆ, ಎನ್ರೋಫ್ಲಾಕ್ಸಸಿನ್ ಎಂಬ ಇನ್ನೊಂದು ಆ್ಯಂಟಿಬಯಾಟಿಕ್ ಒಂದನ್ನೇ ಕೊಟ್ಟರೆ ಅದು ಅವುಗಳ ಮೇಲೆ ಅಷ್ಟಾಗಿ ನಡೆಯದು. ಹಕ್ಕಿಗಳಿಗೆ ಬಳಕೆಯಲ್ಲಿರುವ ಪ್ರಮಾಣ ಕಿಲೋಗೆ ಸುಮಾರು 125 ಮಿಲಿಗ್ರಾಂ, ದಿನಕ್ಕೆರಡು ಸಲ. 13 ಗ್ರಾಂ ಫಿಂಚ್‌ಗೆ ಅದು ಒಂದು ಸಲಕ್ಕೆ 1.6 ಮಿಲಿಗ್ರಾಂ. ಮಕ್ಕಳ ಸಿರಪ್ 5 ಮಿಲಿಯಲ್ಲಿ 457 ಮಿಲಿಗ್ರಾಂ ಇರುವಂಥದ್ದಾದರೆ ಬೇಕಾದದ್ದು 0.018 ಮಿಲಿ. ಡ್ರಾಪರ್‌ನ ಒಂದು ಹನಿ ಸುಮಾರು 0.05 ಮಿಲಿ. ನೇರವಾಗಿ ಒಂದು ಹನಿ ಬಾಯಿಗೆ ಬಿಟ್ಟರೆ ಹೆಚ್ಚುಕಮ್ಮಿ ಮೂರು ಪಟ್ಟು ಆಗುತ್ತದೆ. ನೀರಿಗೆ ಹಾಕಿದರೆ ಉಲ್ಟಾ. ಹೆದರಿದ ಹಕ್ಕಿ ನೀರೇ ಮುಟ್ಟದು, ರುಚಿ ಬದಲಾದರಂತೂ ಇಲ್ಲವೇ ಇಲ್ಲ, ಔಷಧಿ ರಕ್ತಕ್ಕೆ ಸೇರುವುದೇ ಇಲ್ಲ. ಅದಕ್ಕೇ ಮೊದಲ ಡೋಸು ಇಂಜೆಕ್ಷನ್ ಆದರೆ ಒಳ್ಳೆಯದು. ಮುಂದಿನದನ್ನು ವೈದ್ಯರು ಸರಿಯಾಗಿ ತೆಳು ಮಾಡಿ, 1 ಮಿಲಿ ಇನ್ಸುಲಿನ್ ಸಿರಿಂಜಿನಲ್ಲಿ ಸೂಜಿ ತೆಗೆದು ಕೊಡುತ್ತಾರೆ. ಕೊಕ್ಕಿನ ಪಕ್ಕದಿಂದ, ತುದಿಗೊಂದು ಸಣ್ಣ ಹನಿಯಂತೆ ತಾಗಿಸಬೇಕು. ನಾಲಿಗೆಯ ಬುಡದಲ್ಲೇ ಶ್ವಾಸನಾಳದ ಬಾಯಿದೆ, ಸುರಿದರೆ ನೇರ ಶ್ವಾಸಕೋಶಕ್ಕೆ. ಡ್ರಾಪರ್‌ನಲ್ಲಿ ನೀರು ಕುಡಿಸುವುದೂ ಇದೇ ಕಾರಣಕ್ಕೆ ಬೇಡ.

ತಾಲ್ಲೂಕಿನ ಪಶು ಆಸ್ಪತ್ರೆಯ ವೈದ್ಯರು ದನ, ಕುರಿ ಮಾತ್ರ ನೋಡುವವರಾದರೂ ಔಷಧಿ ಅವರಲ್ಲಿರುತ್ತದೆ. ಹಕ್ಕಿಯ ತೂಕವನ್ನು ಗ್ರಾಂ ಲೆಕ್ಕದಲ್ಲಿ ಹೇಳಿ, ಬೆಕ್ಕು ಹಿಡಿದ ಗಂಟೆ ಹೇಳಿ. ಈ ಎರಡು ಸಂಗತಿ ಕೈಯಲ್ಲಿದ್ದರೆ ಅವರಿಗೆ ಡೋಸು ಲೆಕ್ಕ ಮಾಡಲು ಕಷ್ಟವಿಲ್ಲ. ಪಶುಪಾಲನಾ ಇಲಾಖೆಯ ಸಹಾಯವಾಣಿ 1962. ಬೆಂಗಳೂರಿನಲ್ಲಿ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿದೆ, ಹಾಸನ, ಶಿವಮೊಗ್ಗ, ಬೀದರ್‌ನಲ್ಲೂ ಇವೆ. ಹಕ್ಕಿ ನೋಡುವವರು ಯಾವ ಹೊತ್ತಿಗೆ ಸಿಗುತ್ತಾರೆಂದು ಮೊದಲೇ ಫೋನ್ ಮಾಡಿ ಕೇಳಿಕೊಂಡು ಹೊರಡಿ.

ಗುಬ್ಬಿಗೂಡು
ಅರಿಶಿನದ ಬಗ್ಗೆ ನಾನು ಹೇಳುತ್ತೇನೆ. ಪುಡಿ ತೂತಿನ ಬಾಯಿಗೆ ಅಂಟಿ ಕೂರುತ್ತದೆ, ಒಳಗಿನ ನಂಜು ಒಳಗೇ ಉಳಿಯುತ್ತದೆ. ಎಣ್ಣೆ, ತುಪ್ಪ, ಮುಲಾಮು ಇನ್ನೂ ಕೆಟ್ಟದ್ದು. ಗರಿ ಅಂಟಿಕೊಂಡರೆ ಹಕ್ಕಿಗೆ ಮೈಬಿಸಿ ಉಳಿಸಿಕೊಳ್ಳಲಾಗದು. ಕೊಕ್ಕಿನಿಂದ ತೀಡುವಾಗ ಅದೇ ಹೊಟ್ಟೆಗೂ ಹೋಗುತ್ತದೆ. ನೋವು ಮರಗಟ್ಟಿಸುವ, ಹೆಸರು "ಕೇನ್" ಎಂದು ಮುಗಿಯುವ (ಲಿಡೊಕೇನ್‌ನಂಥ) ಔಷಧಿಯ ಮುಲಾಮುಗಳು ಇಷ್ಟು ಸಣ್ಣ ಜೀವಕ್ಕೆ ವಿಷವೇ. ಡೆಟಾಲ್, ಹೈಡ್ರೋಜನ್ ಪೆರಾಕ್ಸೈಡ್ ಕೂಡ ಬೇಡ.

ಕುದಿಸಿ ಆರಿಸಿದ ಕಾಲು ಲೀಟರ್ ನೀರಿಗೆ ಅರ್ಧ ಟೀ ಚಮಚಕ್ಕಿಂತ ತುಸು ಕಡಿಮೆ ಉಪ್ಪು ಹಾಕಿ, ಹತ್ತಿಯ ಬದಲು ಗಾಜ್ ಬಟ್ಟೆಯಿಂದ (ಗಾಯಕ್ಕೆ ಬಳಸುವ ತೆಳು ಜಾಳು ಬಟ್ಟೆ) ಮೆಲ್ಲಗೆ ಒರೆಸಿ. ಹತ್ತಿಯ ಎಳೆ ಗಾಯಕ್ಕೆ ಸಿಕ್ಕಿಕೊಳ್ಳುತ್ತದೆ. ಪೊವಿಡೋನ್ ಅಯೋಡಿನ್ ಇದ್ದರೆ ತೆಳು ಚಹಾ ಬಣ್ಣ ಬರುವಷ್ಟು ನೀರು ಬೆರೆಸಿ. ಮೈ ಪೂರ್ತಿ ಒದ್ದೆ ಮಾಡಬೇಡಿ. ಮುರಿದ ಉಗುರಿನಿಂದ ರಕ್ತ ಬರುತ್ತಿದ್ದರೆ ಕಾರ್ನ್‌ಫ್ಲೋರ್ ಒತ್ತಿ ಹಿಡಿಯಿರಿ. ಚರ್ಮದ ತೂತಿಗೆ ಅದನ್ನು ತುಂಬಬಾರದು, ಗಾಜ್ ಇಟ್ಟು ಒಂದೆರಡು ನಿಮಿಷ ಹಗುರವಾಗಿ ಒತ್ತಿದರೆ ಸಾಕು. ಇಡೀ ಹಕ್ಕಿಯಲ್ಲಿರುವ ರಕ್ತ ಸುಮಾರು 1.3 ಮಿಲಿ. ಎರಡು ಮೂರು ಹನಿ ಹೋದರೆ ಆರೋಗ್ಯದ ಹಕ್ಕಿ ತಡೆದೀತು. ಹನಿಯುತ್ತಲೇ ಇದ್ದರೆ ಬೆಳಗಾಗುವುದನ್ನು ಕಾಯುವಂತಿಲ್ಲ.

ಧಾರವಾಡ ಹಕ್ಕಿಮನಿ
ಲೆಕ್ಕ ತಿಳೀತ್ರೀ, ಮೂರು ಪಟ್ಟು ಅಂದ್ರ ದೊಡ್ಡ ಮಾತು. ಸಿರಪ್ ಬಿಟ್ಟೆ. ನೋವಿಗೆ ಏನರ ಕೊಡಬಹುದೇನು?

ಪಶುವೈದ್ಯೆ
ಮನೆಯಲ್ಲಿರುವ ಯಾವುದನ್ನೂ ಬೇಡ. ಮುಖ್ಯವಾಗಿ ಡೈಕ್ಲೋಫೆನಾಕ್. ದನಗಳಿಗೆ ಕೊಟ್ಟ ಈ ಔಷಧಿ ಕಳೇಬರದ ಮೂಲಕ ರಣಹದ್ದುಗಳ ಮೂತ್ರಪಿಂಡ ಕೆಡಿಸಿ ಅವುಗಳನ್ನು ಅಳಿವಿನಂಚಿಗೆ ತಂದದ್ದರಿಂದಲೇ 2006ರಲ್ಲಿ ಪಶುಚಿಕಿತ್ಸೆಯಲ್ಲಿ ಅದನ್ನು ನಿಲ್ಲಿಸಲಾಯಿತು. ಮೆಲಾಕ್ಸಿಕ್ಯಾಮ್ ಹಕ್ಕಿಗಳಿಗೆ ಆಗಿಬರುತ್ತದೆ. ಆದರೆ ಹಕ್ಕಿ ನೀರು ಕುಡಿಯುತ್ತಿದೆಯೇ ನೋಡಿಕೊಂಡು ವೈದ್ಯರೇ ಕೊಡಬೇಕು.

ಒಂದು ಸಂಗತಿ ಬಿಟ್ಟುಹೋಯಿತು. ಕುತ್ತಿಗೆ ಅಥವಾ ಪಕ್ಕೆಯ ಚರ್ಮ ಬಲೂನಿನಂತೆ ಉಬ್ಬಿದ್ದರೆ ಅದು ಬಾವಲ್ಲ. ಒಳಗಿನ ಗಾಳಿಚೀಲ ಹರಿದು ಚರ್ಮದಡಿ ಗಾಳಿ ಸೇರಿದೆ. ಸೂಜಿ ಚುಚ್ಚುವ ಸಾಹಸ ಬೇಡ. ಜೋತುಬಿದ್ದ ರೆಕ್ಕೆಗೂ ಮನೆಯಲ್ಲಿ ಪಟ್ಟಿ ಸುತ್ತಬೇಡಿ, ಎದೆ ಬಿಗಿದುಹೋಗುತ್ತದೆ.

ನವಣೆತೆನೆ
ಹೊಟ್ಟೆಗೆ ಏನು ಅನ್ನುವುದು ನನ್ನ ಕ್ಷೇತ್ರ. ಇಷ್ಟು ಸಣ್ಣ ಹಕ್ಕಿ ಒಂದು ಹಗಲು ಉಪವಾಸವಿದ್ದರೂ ಕುಸಿಯುತ್ತದೆ. ಪೆಟ್ಟಿಗೆಯ ತಳಕ್ಕೆ ಬಿಳಿ ಟಿಶ್ಯೂ ಹಾಸಿ, ಕೂರುವ ಕಡ್ಡಿಯನ್ನು ನೆಲದಿಂದ ಎರಡು ಬೆರಳಷ್ಟೇ ಎತ್ತರಕ್ಕೆ ಇಡಿ. ನವಣೆಯ ತೆನೆಯನ್ನು ಇಡಿಯಾಗಿ ಮುಂದೆ ಮಲಗಿಸಿ, ಸುತ್ತ ಸಾಮೆ, ಬರಗು ಚೆಲ್ಲಿ. ಸಿಪ್ಪೆ ಸಹಿತ ಕಾಳು ಬೇಕು, ಅಂಗಡಿಯ ಪಾಲಿಶ್ ಅಕ್ಕಿಯಲ್ಲ. ಬಾಟಲಿ ಮುಚ್ಚಳದಲ್ಲಿ ನೀರು. ತಿನ್ನಲು ಬೆಳಕು ಬೇಕು, ಮೊದಲೆರಡು ಗಂಟೆ ಕಳೆದ ಮೇಲೆ ಮಂದ ದೀಪ ಹಾಕಿ. ಆಸ್ಪತ್ರೆಗೆ ಒಯ್ಯುವಾಗ ನೀರು ತೆಗೆದು ಸೌತೆಕಾಯಿಯ ಒಂದು ಬಿಲ್ಲೆ ಇಡಿ, ಚೆಲ್ಲಿ ಮೈ ಒದ್ದೆಯಾಗುವ ಭಯವಿಲ್ಲ.

ಟಿಶ್ಯೂ ಬಿಳಿಯೇ ಯಾಕೆಂದರೆ ಹಿಕ್ಕೆ ನೋಡಬೇಕು. ಬಿಳಿ ಸೇರಿದ ಗಟ್ಟಿ ಹಿಕ್ಕೆ ಬಿದ್ದರೆ ತಿಂದಿದೆ. ಬರೀ ಕಡು ಹಸಿರು ನೀರಾದರೆ ಹೊಟ್ಟೆ ಖಾಲಿ. ಕಾಳಿನ ಸಿಪ್ಪೆ ಬಟ್ಟಲ ತುಂಬ ಇರುವುದನ್ನು ಕಂಡು ಕಾಳೇ ಉಳಿದಿದೆ ಅಂದುಕೊಳ್ಳುವವರೂ ಇದ್ದಾರೆ, ಊದಿ ನೋಡಿ. ಚಿನ್ನ ತೂಗುವಂಥ 0.1 ಗ್ರಾಂ ಪಾಕೆಟ್ ತಕ್ಕಡಿ ಇದ್ದರೆ ದಿನವೂ ಬೆಳಗ್ಗೆ ಒಂದೇ ಹೊತ್ತಿಗೆ ತೂಗಿ. 13 ಗ್ರಾಂ ಹಕ್ಕಿ 11.7ಕ್ಕೆ ಇಳಿದರೆ ತಡಮಾಡದೆ ವೈದ್ಯರಿಗೆ ತಿಳಿಸಿ.

ಗಾಯ ಕಾಣದ ಹಕ್ಕಿಯ ಬಗ್ಗೆ ನಾನು ಮೊದಲು ಬರೆದದ್ದನ್ನು ಹಿಂದೆಗೆದುಕೊಳ್ಳುತ್ತೇನೆ. ಬಾಯಿಗೆ ಸಿಕ್ಕ ಹಕ್ಕಿಗೆ ಅದೇ ದಿನ ಔಷಧಿ ಬೇಕು. ಆದರೆ ಬೆಕ್ಕು ಮುಟ್ಟದೆ ಬರೀ ಹೆದರಿದ ಉಳಿದೆರಡಕ್ಕೆ ಬೇಡ ಅನ್ನುವ ಮಾತಿಗೆ ಬದ್ಧ.

ಪಶುವೈದ್ಯೆ
ಮುಟ್ಟಿಲ್ಲ ಅನ್ನುವುದು ಖಚಿತವಾಗಿದ್ದರೆ ಒಪ್ಪುತ್ತೇನೆ. ಬಾಲ ಉದುರಿದ್ದು ಮಾತ್ರ ಗುರುತಲ್ಲ, ಭಯಕ್ಕೇ ಹಕ್ಕಿ ಬಾಲದ ಗರಿ ಬಿಡುತ್ತದೆ. ಬುಡಸಹಿತ ಉದುರಿದ್ದು ಕೆಲವೇ ವಾರಗಳಲ್ಲಿ ಮತ್ತೆ ಹುಟ್ಟುತ್ತದೆ. ಅರ್ಧಕ್ಕೆ ಮುರಿದದ್ದು ಮುಂದಿನ ಗರಿ ಉದುರುವ ಕಾಲದವರೆಗೆ ಹಾಗೇ ಇರುತ್ತದೆ. ಆದರೆ ಈ ಪ್ರಕರಣದಲ್ಲಿ ರೆಕ್ಕೆಯ ಬುಡದಲ್ಲಿ ರಕ್ತವಿದೆ, ಆ ಹಕ್ಕಿಗೂ ಔಷಧಿ ಬೇಕು. ಉಗುರು ಪರಚಿದ್ದಿರಬಹುದು, ಆದರೆ ಬೆಕ್ಕು ತನ್ನ ಉಗುರನ್ನು ನೆಕ್ಕಿಕೊಳ್ಳುತ್ತಲೇ ಇರುತ್ತದೆ.

ಜಾಲರಿ ಕೆಲಸ
ಔಷಧಿ ಸರಿ. ಅದೇ ಪಂಜರವನ್ನು ಅದೇ ಸ್ಟ್ಯಾಂಡ್ ಮೇಲೆ ಇಟ್ಟರೆ ವಾರದೊಳಗೆ ಮತ್ತೆ ಇದೇ ಕಥೆ. ಒಮ್ಮೆ ಯಶಸ್ವಿಯಾದ ಬೆಕ್ಕು ಮರಳಿ ಬರುತ್ತದೆ.

ಮೊದಲ ಲೋಪ ತಳದ ಟ್ರೇ. ಪ್ಲಾಸ್ಟಿಕ್ ಕ್ಲಿಪ್ಪಿನ ಪಂಜರ ನೆಲಕ್ಕೆ ಬಿದ್ದ ಕೂಡಲೇ ಟ್ರೇ ಬೇರೆ, ಜಾಲರಿ ಬೇರೆ. ನಾಲ್ಕೂ ಮೂಲೆಗೆ ತಂತಿ ಬಿಗಿಯಿರಿ. ಎರಡನೆಯದು ಮೇಲೆ ಸರಿಯುವ ಬಾಗಿಲು, ಪಂಜದ ಒಂದು ಎಳೆತಕ್ಕೆ ಏಳುತ್ತದೆ. ಪ್ರತಿ ಬಾಗಿಲಿಗೂ ಕೀ ಚೈನ್ ಕೊಕ್ಕೆ ಹಾಕಿ, ಕಾಳಿನ ಬಟ್ಟಲಿನ ಕಿಂಡಿಯನ್ನು ಮರೆಯಬೇಡಿ. ಫಿಂಚ್‌ಗೆ ಸರಳಿನ ಅಂತರ ಅರ್ಧ ಇಂಚು ಮೀರಬಾರದು. ಅಷ್ಟಿದ್ದರೂ ಉಗುರು ಒಳಗೆ ಹೋಗುತ್ತದೆ, ರಾತ್ರಿ ಸರಳಿಗೆ ಆತು ಕೂತ ಹಕ್ಕಿಯನ್ನು ಬೆಕ್ಕು ಹೊರಗಿನಿಂದಲೇ ಎಳೆಯುತ್ತದೆ. ಅದಕ್ಕೇ ಪಂಜರದಿಂದ ಎರಡು ಮೂರು ಇಂಚು ದೂರದಲ್ಲಿ ಅರ್ಧ ಇಂಚಿನ ವೆಲ್ಡ್ ಮೆಷ್‌ನ ಎರಡನೇ ಪದರ ಬೇಕು. ಹೊಸ ಗ್ಯಾಲ್ವನೈಸ್ಡ್ ಜಾಲರಿಯ ಬಿಳಿ ಪುಡಿ ಸತು, ಕೊಕ್ಕಿಗೆ ಹೋದರೆ ವಿಷ. ವಿನೆಗರ್ ಹಾಕಿ ಬ್ರಷ್‌ನಿಂದ ಉಜ್ಜಿ, ತೊಳೆದು ಒಣಗಿಸಿದ ಮೇಲೆಯೇ ಬಳಸಿ.

ಎತ್ತರಕ್ಕೆ ತೂಗುಹಾಕಿದರೆ ಸಾಕು ಅನ್ನುವವರಿಗೆ: ಬೆಕ್ಕು ನಿಂತಲ್ಲಿಂದ ಐದಡಿ ನೆಗೆಯುತ್ತದೆ. ಪಕ್ಕದಲ್ಲಿ ಬೀರು, ಪರದೆ ಇದ್ದರೆ ಅಷ್ಟೂ ಬೇಡ.

ಗುಬ್ಬಿಗೂಡು
ಬೆಕ್ಕಿಗೆ ಗೆಜ್ಜೆ ಕಟ್ಟಿ ಅನ್ನುವ ಸಲಹೆಯೂ ಬರುತ್ತದೆ. ಗೆಜ್ಜೆ ಕೇಳಿ ಹಾರಿಹೋಗಲು ಪಂಜರದ ಹಕ್ಕಿಗೆ ಜಾಗವೆಲ್ಲಿ? ಬೆಕ್ಕನ್ನು ಪಳಗಿಸುವ ಮಾತೂ ನಂಬಿಕೆಗೆ ಅರ್ಹವಲ್ಲ. ರೆಕ್ಕೆ ಬಡಿದದ್ದನ್ನು ಹಿಡಿಯುವುದು ಅದರ ಹುಟ್ಟುಗುಣ, ಹೊಡೆದು ಬಡಿದು ಹೋಗುವಂಥದ್ದಲ್ಲ. ಬಾಗಿಲು ಹಾಕುವ ಬೇರೆ ಕೋಣೆ ಇಲ್ಲದ ಮನೆಯಲ್ಲಿ ಎರಡನ್ನೂ ಸಾಕಬಾರದು.

ಜಾಲರಿ ಕೆಲಸ
ಅಷ್ಟು ಕಟುವಾಗಿ ಹೇಳಲಾರೆ. ಎರಡು ಪದರದ ಜಾಲರಿ, ಗೋಡೆಗೆ ಬೋಲ್ಟ್ ಮಾಡಿದ ಪಂಜರ ಇದ್ದರೆ ಹಕ್ಕಿ ಸಾಯುವುದಿಲ್ಲ.

ನವಣೆತೆನೆ
ಸಾಯುವುದಿಲ್ಲ, ಆದರೆ ಬದುಕೂ ಅಲ್ಲ. ಕಣ್ಣೆದುರು ಬೆಕ್ಕು ಕೂತಿದ್ದರೆ ಫಿಂಚ್ ಕಾಳು ಬಿಡುತ್ತದೆ, ಮೊಟ್ಟೆ ಮೇಲಿಂದ ಏಳುತ್ತದೆ. ಜಾಲರಿ ಪಂಜವನ್ನು ತಡೆಯುತ್ತದೆ, ನೋಟವನ್ನಲ್ಲ. ದಾಳಿಯಾದ ಮೇಲೆ ಕೆಲವು ವಾರ ಪಂಜರದ ಮೂರು ಪಕ್ಕಕ್ಕೆ ಬಟ್ಟೆ ಕಟ್ಟಿ, ರಾತ್ರಿಗೆ ಒಂದು ಸೊನ್ನೆ ವ್ಯಾಟ್ ದೀಪ ಬಿಡಿ. ಕಗ್ಗತ್ತಲಲ್ಲಿ ಸಣ್ಣ ಸದ್ದಿಗೂ ಬೆಚ್ಚಿ ಸರಳಿಗೆ ತಲೆ ಬಡಿದುಕೊಳ್ಳುತ್ತವೆ. ಮೊಟ್ಟೆ ಬಿಟ್ಟೆದ್ದ ಜೋಡಿ ಮರಳದಿದ್ದರೆ, ಮನೆಯಲ್ಲಿ ಕಾವು ಕೂತ ಬೆಂಗಾಲೀಸ್ ಫಿಂಚ್ ಇದ್ದರೆ ಅದರ ಗೂಡಿಗೆ ಸೇರಿಸಬಹುದು, ಪರರ ಮೊಟ್ಟೆಯನ್ನು ಅದು ಚೆನ್ನಾಗಿ ಸಾಕುತ್ತದೆ.

ಧಾರವಾಡ ಹಕ್ಕಿಮನಿ
ಬೆಕ್ಕು ಹೊರಗಿಂದ ರಾಟವಾಳ, ಅಂದ್ರ ಮುನಿಯಾ ಹಕ್ಕಿ, ಹಿಡಕೊಂಡು ಬಂದ್ರ? ಅದನ್ನೂ ಹಿಂಗ ಪಂಜರದಾಗ ಇಟ್ಟು ನೋಡಬೇಕೇನು?

ಪಶುವೈದ್ಯೆ
ಬಿಸಿ, ಕತ್ತಲೆ, ಪೆಟ್ಟಿಗೆ, ಅದೇ ದಿನದ ಆ್ಯಂಟಿಬಯಾಟಿಕ್ ಎಲ್ಲ ಒಂದೇ. ಆದರೆ ಸಾಕುವಂತಿಲ್ಲ. ರಾಟವಾಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಅರಣ್ಯ ಇಲಾಖೆಗೆ ತಿಳಿಸಿ. ಬೆಂಗಳೂರಿನ ಸುತ್ತಲಾದರೆ ಕೆಂಗೇರಿ ಕಡೆಯ ಪೀಪಲ್ ಫಾರ್ ಅನಿಮಲ್ಸ್ ವನ್ಯಜೀವಿ ಆಸ್ಪತ್ರೆ ಇದೆ. ಇನ್ನು ಜೀಬ್ರಾ ಫಿಂಚ್ ಆಸ್ಟ್ರೇಲಿಯಾ ಕಡೆಯದು, ಪಂಜರದಲ್ಲೇ ತಲೆಮಾರುಗಳಿಂದ ಬೆಳೆದದ್ದು. ಬೆಕ್ಕಿನ ಮನೆ ಬೇಡವೆಂದು ಅದನ್ನು ಹೊರಗೆ ಬಿಟ್ಟರೆ ಕಾಗೆಯ ಪಾಲು.

ಗುಬ್ಬಿಗೂಡು
ಗುಣವಾದ ಹಕ್ಕಿಯನ್ನು ಉಳಿದವುಗಳ ಜೊತೆ ಯಾವಾಗ ಬಿಡಬೇಕು, ಮೇಡಂ?

ಪಶುವೈದ್ಯೆ
ಔಷಧಿಯ ಕೋರ್ಸ್ ಮುಗಿಯಲಿ, ಸಾಮಾನ್ಯವಾಗಿ ಏಳು ದಿನದ ಆಸುಪಾಸು. ಮೂರನೇ ದಿನ ಚುರುಕಾಯಿತೆಂದು ನಿಲ್ಲಿಸಬೇಡಿ. ಆಮೇಲೆ ಮೂರು ದಿನ ತೂಕ ಇಳಿಯದೆ ನಿಂತು, ಮೇಲಿನ ಕಡ್ಡಿಗೆ ತಾನೇ ಹಾರಿ ಕೂರಬೇಕು. ಅಲ್ಲಿಯವರೆಗೆ ಜೊತೆಯವುಗಳ ಸದ್ದು ಕೇಳುವಷ್ಟು ಹತ್ತಿರ ಪೆಟ್ಟಿಗೆ ಇಡಿ, ಒಂಟಿಯಾದರೆ ಫಿಂಚ್ ತಿನ್ನುವುದು ಕಡಿಮೆ ಮಾಡುತ್ತದೆ. ಬಿಡುವುದು ಬೆಳಗಿನ ಹೊತ್ತಾಗಲಿ, ಸಂಜೆ ಬೇಡ. ಬೋಳು ಬಾಲದ ಹೊಸ ಗರಿಮೊಳಕೆಯಲ್ಲಿ ರಕ್ತ ತುಂಬಿರುತ್ತದೆ, ಜೊತೆಯವು ಅದನ್ನು ಕುಕ್ಕತೊಡಗಿದರೆ ಮತ್ತೆ ಎರಡು ವಾರ ಬೇರೆ ಇಡಿ.