ಅಪ್‌ಡೇಟ್: ಮಂಕಾಗಿದ್ದ ಲೋ ಬೀಮ್ ಸರಿಯಾಯ್ತು

ರಾತ್ರಿ ಸಂಪಾಜೆ ಘಾಟಿ ಇಳಿಯುವಾಗ ನಮ್ಮ ಹಳೇ ಕಾರಿನ ಹೆಡ್‌ಲೈಟ್‌ನ ಲೋ ಬೀಮ್‌ನಲ್ಲಿ (ಹತ್ತಿರದ ರಸ್ತೆಗೆ ಬೀಳುವ ತಗ್ಗಿದ ಬೆಳಕು) ರಸ್ತೆಯೇ ಕಾಣಲ್ಲ, ಹೆಚ್ಚು ಪವರ್‌ನ 100/90 ವ್ಯಾಟ್ (ಹೈ ಬೀಮ್‌ಗೆ 100, ಲೋ ಬೀಮ್‌ಗೆ 90) ಬಲ್ಬ್ ಹಾಕಿಸಲಾ ಅಂತ ಕೇಳಿದ್ದೆ ಅಲ್ವಾ? ಹಾಕಿಸಲಿಲ್ಲ. ‘ಮೊದಲು ವೋಲ್ಟೇಜ್ ನೋಡಿ’ ಅಂದವರಿಗೆ ದೊಡ್ಡ ನಮಸ್ಕಾರ.

ಕುಶಾಲನಗರದ ಎಲೆಕ್ಟ್ರಿಷಿಯನ್ ಇಂಜಿನ್ ಚಾಲೂ ಇಟ್ಟು, ಲೈಟ್ ಹಾಕಿಯೇ ಮೀಟರ್ ಹಿಡಿದರು. ಬ್ಯಾಟರಿಯಲ್ಲಿ 13.8 ವೋಲ್ಟ್, ಬಲ್ಬ್ ಸಾಕೆಟ್‌ನಲ್ಲಿ ಬರೀ 11.9. ನಮ್ಮದರಂಥ ಹ್ಯಾಲೊಜೆನ್ ಬಲ್ಬ್‌ಗೆ ವೋಲ್ಟೇಜ್ 10% ಇಳಿದರೆ ಬೆಳಕು ಸುಮಾರು 30% ಇಳಿಯುತ್ತದೆ. ಅರ್ಥ್ ಬೋಲ್ಟ್ (ದೀಪದ ವೈರನ್ನು ಕಾರಿನ ಬಾಡಿಗೆ ಜೋಡಿಸುವ ಬೋಲ್ಟ್) ಬಿಚ್ಚಿದರೆ ಅಡಿಯಲ್ಲೆಲ್ಲ ತುಕ್ಕು. ಕೊಡಗಿನ ಮಳೆ ಯಾವುದನ್ನು ಬಿಟ್ಟಿದೆ ಹೇಳಿ! ಅದನ್ನು ಉಜ್ಜಿ, ಬ್ಯಾಟರಿಯಿಂದ ನೇರ ದಪ್ಪ ವೈರ್ ಎಳೆದು, ಫ್ಯೂಸ್ ಮತ್ತು ರಿಲೇ (ದೀಪದ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್) ಕೂರಿಸಿದರು. ಬಲ್ಬ್ ಮಾತ್ರ ಕಂಪನಿ ಕೊಟ್ಟ ಅದೇ 60/55 ವ್ಯಾಟ್‌ನ ಎಚ್4 (ಹೈ, ಲೋ ಎರಡೂ ಒಂದರಲ್ಲೇ ಇರುವ ಬಲ್ಬ್). ಈಗ ಸಾಕೆಟ್‌ನಲ್ಲಿ 13.4. ತಿರುವಿನಲ್ಲಿ ಎಡಗಡೆ ಚರಂಡಿಯ ಅಂಚು ನಿಚ್ಚಳವಾಗಿ ಕಾಣುತ್ತದೆ.

ಹಳದಿಗಟ್ಟಿದ್ದ ಲೆನ್ಸ್‌ಗೂ ಪಾಲಿಶ್ ಆಯ್ತು.

ಎಲ್‌ಇಡಿ ಬಲ್ಬ್ ಬೇಡ ಅಂದೆ. ಹ್ಯಾಲೊಜೆನ್‌ಗೆಂದೇ ಮಾಡಿದ ರಿಫ್ಲೆಕ್ಟರ್‌ಗೆ (ದೀಪದೊಳಗಿನ ಕನ್ನಡಿಯಂಥ ಬಟ್ಟಲು) ಸುಮ್ನೆ ಅದನ್ನು ತುರುಕಿದರೆ ಬೆಳಕು ಚೆದುರಿ ಎದುರಿನವರ ಕಣ್ಣು ಕುಕ್ಕುವುದೇ ಜಾಸ್ತಿ. ಮಂಜು ಕವಿದಾಗ ಮಾತ್ರ ಈಗಲೂ ನಿಧಾನವೇ ಗತಿ. ಬಲಗಡೆ ದೀಪ ತುಸು ಮೇಲಕ್ಕೆ ಹೊಡೀತಿದೆ, ಈ ವಾರ ಗೋಡೆ ಎದುರು ನಿಲ್ಲಿಸಿ ಸ್ಕ್ರೂ ತಿರುಗಿಸಿ ಇಳಿಸಬೇಕು.