ಸ್ಟಾಪ್‌ವಾಚ್ ಶುರು ಮಾಡಿದ ಕೂಡಲೇ 05:30:00 ಬರುತ್ತಿದೆ, ಯಾರಾದರೂ ಹೇಳಿ

ಕದ್ರಿಗುಡ್ಡೆ: ಮೂರು ರಾತ್ರಿ ಇದರಲ್ಲೇ ಹೋಯಿತು. ಭಾನುವಾರ ನಮ್ಮಲ್ಲಿ ಕೆಸರುಗದ್ದೆ ಓಟ. ಓಟದ ಸಮಯ ಪರದೆ ಮೇಲೆ ಕಾಣಬೇಕು. ಗುಂಡಿ ಒತ್ತಿದ ಕೂಡಲೇ 05:30:00. ಓಟ 14 ಸೆಕೆಂಡಲ್ಲಿ ಮುಗಿದರೆ 05:30:14. ಎಲ್ಲಾ ಮಾಡಿ ನೋಡಿದೆ.

ಮಲ್ಪೆ_ಸರ್ಕಿಟ್: ಆರ್‌ಟಿಸಿ (ಕರೆಂಟ್ ಇಲ್ಲದಾಗಲೂ ಹೊತ್ತು ಇಟ್ಟುಕೊಳ್ಳುವ ಗಡಿಯಾರದ ಚಿಪ್) ಬ್ಯಾಟರಿ ಹೋಗಿದೆ. ಈ ಉಪ್ಪುಗಾಳಿಗೆ ಕ್ಲಿಪ್ಪೂ ತುಕ್ಕು ಹಿಡಿದಿರಬಹುದು. ಬದಲಿಸಿ.

ಕದ್ರಿಗುಡ್ಡೆ: ಹೊಸ ಸಿಆರ್2032 ಬ್ಯಾಟರಿ ಹಾಕಿದೆ. ಹಾಗೇ ಇದೆ.

ಮಲ್ಪೆ_ಸರ್ಕಿಟ್: ಹಾಗಾದರೆ ಮಾಡ್ಯೂಲೇ ಹೋಗಿದೆ. ಒಳಗಿರುವ ಗಡಿಯಾರದ ಚಿಪ್ ಡಿಎಸ್1307 ಆದರೆ ತೆಗೆದು ಡಿಎಸ್3231 ಹಾಕಿ. ಸೆಖೆ ಎಷ್ಟಿದ್ದರೂ ತನ್ನಷ್ಟಕ್ಕೇ ಸರಿಮಾಡಿಕೊಳ್ಳುತ್ತದೆ.

ಕುಂಜಿಬೆಟ್ಟು: ಬ್ಯಾಟರಿ ಹೋದರೆ ಪ್ರತಿ ಸಲ ಸರಿಯಾಗಿ ಐದೂವರೆ ಗಂಟೆಯೇ ಜಾಸ್ತಿ ಆಗುತ್ತದಾ? ಯಾವ ಭಾಷೆ? ಸಮಯ ತೋರಿಸುವ ಸಾಲು ಹೇಗಿದೆ?

ಕದ್ರಿಗುಡ್ಡೆ: ಪೈಥಾನ್. ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್. ಟೈಮ್.ಟೈಮ್ ಕೊಡುವ ಈಗಿನ ಹೊತ್ತಿನಲ್ಲಿ ಶುರುವಿನ ಹೊತ್ತು ಕಳೆದು, ಬಂದದ್ದನ್ನು ಫ್ರಮ್‌ಟೈಮ್‌ಸ್ಟ್ಯಾಂಪ್‌ಗೆ (ಸೆಕೆಂಡನ್ನು ತಾರೀಕು, ಹೊತ್ತು ಮಾಡುವ ಫಂಕ್ಷನ್) ಕೊಟ್ಟಿದ್ದೇನೆ.

ಕುಂಜಿಬೆಟ್ಟು: ಅಲ್ಲೇ ಇದೆ. ನೀವು 14 ಕೊಟ್ಟರೆ ಅದಕ್ಕೆ 1970ರ ಜನವರಿ 1, ಯುಟಿಸಿ (ಜಗತ್ತಿಗೆಲ್ಲಾ ಒಂದೇ ಆದ ಮೂಲ ಸಮಯ) ನಡುರಾತ್ರಿ ಕಳೆದು 14 ಸೆಕೆಂಡ್ ಅಂತ ಅರ್ಥ. ಆಗ ನಮ್ಮಲ್ಲಿ ಬೆಳಗ್ಗೆ ಐದೂವರೆ, ಅಲ್ವಾ? ಯುಟಿಸಿ ಮಾಡಿದರೆ ಸರಿ ಕಾಣುತ್ತದೆ, ಆದರೆ 24 ಗಂಟೆ ದಾಟಿದರೆ ಮತ್ತೆ ಸೊನ್ನೆ. ತಾರೀಕಿನ ಸಹವಾಸವೇ ಬೇಡ. ಒಟ್ಟು ಸಮಯವನ್ನು ನೂರರಿಂದ ಗುಣಿಸಿ ರೌಂಡ್ ಮಾಡಿ. ಆಮೇಲೆ ಡಿವ್‌ಮಾಡ್‌ನಲ್ಲಿ (ಭಾಗಿಸಿ ಭಾಗಲಬ್ಧ, ಶೇಷ ಎರಡೂ ಕೊಡುವ ಫಂಕ್ಷನ್) ನಿಮಿಷ, ಸೆಕೆಂಡ್ ಬೇರೆ ಮಾಡಿ. ಕೊನೆಗೆ ರೌಂಡ್ ಮಾಡಿದರೆ 59.996 ಸೆಕೆಂಡ್ 00:60.00 ಅಂತ ಬರುತ್ತದೆ. ಅಳೆಯುವುದಕ್ಕೆ ಟೈಮ್.ಮೊನೊಟಾನಿಕ್ ಬಳಸಿ. ಓಟದ ನಡುವೆ ನೆಟ್ ಸಿಕ್ಕಿ ಪೈ ತನ್ನ ಗಡಿಯಾರ ತಿದ್ದಿಕೊಂಡರೂ ಅದು ಹಾರುವುದಿಲ್ಲ.

ಮಲ್ಪೆ_ಸರ್ಕಿಟ್: ಆದರೂ ಆರ್‌ಟಿಸಿ ಬೇಕು.

ಕುಂಜಿಬೆಟ್ಟು: ತಾರೀಕಿಗೆ ಬೇಕು. ಓಟ ಅಳೆಯಲು ಬೇಡ.

ಬಜ್ಪೆ_ಬಸ್ಸು: ಕೆಸರುಗದ್ದೆಗೆ ನೂರನೇ ಒಂದು ಭಾಗ ಯಾಕೆ? 14 ಅಂತ ಹಾಕಿದರೆ ಸಾಕು.

ಮಲ್ಪೆ_ಸರ್ಕಿಟ್: ಸಾಕಾಗುವುದಿಲ್ಲ. 2020ರಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಲ್ಲಿ ಓಡಿದರು. ಅದನ್ನೂ 14 ಅಂತ ಬರೆಯುತ್ತೀರಾ?

ಬಜ್ಪೆ_ಬಸ್ಸು: ಇಲ್ಲಿ ಗುಂಡಿ ಒತ್ತುವುದು ಬೆರಳು. ಕಣ್ಣು ನೋಡಿ ಬೆರಳು ಒತ್ತುವಷ್ಟರಲ್ಲೇ ಸೆಕೆಂಡಿನ ಐದನೇ ಒಂದು ಭಾಗ ಹೋಯಿತು.

ಮಲ್ಪೆ_ಸರ್ಕಿಟ್: ಅದಕ್ಕೇ ನಾನು ಎರಡು ಇಎಸ್‌ಪಿ32 ಬೋರ್ಡ್, ಎರಡು ಐಆರ್ ಬೀಮ್ (ಓಟಗಾರ ಅಡ್ಡ ಬಂದರೆ ಗೊತ್ತಾಗುವ, ಕಣ್ಣಿಗೆ ಕಾಣದ ಕಿರಣ) ಇಟ್ಟಿದ್ದೇನೆ. ಟಿಫಿನ್ ಡಬ್ಬಿಯಲ್ಲಿ ಕೂರಿಸಿ, ಸಂದಿಗೆಲ್ಲಾ ಸಿಲಿಕೋನ್ ಹಾಕಿದ್ದೇನೆ. ಜಡಿಮಳೆಯಲ್ಲಿ ಎರಡು ಗಂಟೆ ಅಂಗಳದಲ್ಲಿಟ್ಟೆ, ಒಂದು ಹನಿ ಒಳಗೆ ಹೋಗಲಿಲ್ಲ.

ಕದ್ರಿಗುಡ್ಡೆ: ಕುಂಜಿಬೆಟ್ಟು, ಸರಿಯಾಯಿತು! ಮಗಳನ್ನು ಗೇಟಿನಿಂದ ಬಾವಿಕಟ್ಟೆವರೆಗೆ ಓಡಿಸಿದೆ. 00:09.41. ಪರದೆ ನೋಡಿ ಇನ್ನೊಂದು ಸಲ ಓಡುತ್ತೇನೆ ಅಂತ ಹಠ ಹಿಡಿದಿದ್ದಾಳೆ. ಮಲ್ಪೆ, ಆ ಬೀಮ್‌ಗೆ ಕೆಸರು ಹಾರಿದರೆ ಏನು ಮಾಡುತ್ತೀರಿ?