ತೂಕ ಜಾಸ್ತಿ ಇರುವವರು ವ್ಯಾಯಾಮದ ತೀವ್ರತೆ ಅಳೆಯಲು ಎಚ್‌ಆರ್‌ವಿ ನಂಬಬಹುದಾ?

ಬಿರುನಡಿಗೆ: ಗರಿಷ್ಠ ಹೃದಯ ಬಡಿತ ತಿಳಿಯಲು ‘220ರಿಂದ ವಯಸ್ಸು ಕಳೆಯಿರಿ’ ಅನ್ನುವ ಸಲಹೆ ಇನ್ನು ಸಾಕು. ಒಂದೇ ವಯಸ್ಸಿನ ಇಬ್ಬರ ಗರಿಷ್ಠ ಬಡಿತದಲ್ಲಿ 20ರ ವ್ಯತ್ಯಾಸ ಇರಬಹುದು. ತೂಕ ಜಾಸ್ತಿ ಇರುವವರು ಆ ಲೆಕ್ಕ ಹಿಡಿದು ಓಡಿ, ಏದುಸಿರು ಬಿಟ್ಟು, ವ್ಯಾಯಾಮವನ್ನೇ ಕೈಬಿಡುತ್ತಾರೆ. ಬದಲಿಗೆ ಎಚ್‌ಆರ್‌ವಿ ನೋಡಿ. ಅಂದರೆ ಬಡಿತದಿಂದ ಬಡಿತಕ್ಕೆ ಇರುವ ಸಮಯದ ಏರಿಳಿತ. ಶ್ರಮ ಏರಿದಂತೆ ಅದು ಇಳಿಯುತ್ತದೆ, ಒಂದು ಹಂತದಲ್ಲಿ ತಳ ಮುಟ್ಟುತ್ತದೆ. ಉಸಿರಾಟ ಜೋರಾಗಲು ಶುರುವಾಗುವುದೂ ಸುಮಾರು ಅಲ್ಲೇ. ಹೊಸಬರು ಅದಕ್ಕಿಂತ ಕೆಳಗಿರಲಿ. ಈಗ ಸ್ಮಾರ್ಟ್‌ವಾಚ್‌ನಲ್ಲೂ ಸಿಗುತ್ತದೆ.

ನಾಡಿಪ್ರಿಯ: ‘ಸ್ಮಾರ್ಟ್‌ವಾಚ್‌ನಲ್ಲೂ’? ಮಲಗಿದಾಗ ಸರಿ. ಕೈ ಬೀಸಿ ನಡೆಯುವಾಗ ಆ ಬೆಳಕಿನ ಸೆನ್ಸರ್ ಕೊಡುವ ಅಂಕಿ ಕಸ. ಎದೆಗೆ ಕಟ್ಟಿ ಬಡಿತ ಅಳೆಯುವ ಚೆಸ್ಟ್ ಸ್ಟ್ರಾಪ್ ಇಲ್ಲದೆ ಮಾತೇ ಬೇಡ.

ಬಿರುನಡಿಗೆ: ‘ಮಾತೇ ಬೇಡ’ ಅನ್ನೋಕೆ ನೀವ್ಯಾರು? ದಪ್ಪ ಇರುವವರಿಗೆ ಆ ಸ್ಟ್ರಾಪ್ ಜಾರುತ್ತದೆ, ಚರ್ಮ ಉಜ್ಜಿ ಉರಿಯುತ್ತದೆ. ಎಷ್ಟು ಜನ ದಿನಾ ಹಾಕಿಕೊಳ್ಳುತ್ತಾರೆ?

ನಾಡಿಪ್ರಿಯ: ಜಾರಿದರೆ ಒದ್ದೆ ಮಾಡಿ ಬಿಗಿ ಮಾಡಬೇಕು. ಲೆಕ್ಕ ನೋಡಿ: ನಿಮಿಷಕ್ಕೆ 120 ಬಡಿತ ಅಂದರೆ ನಡುವಿನ ಅಂತರ 500 ಮಿಲಿಸೆಕೆಂಡ್. ವಾಚ್ ಒಂದು ಬಡಿತ ಬಿಟ್ಟರೆ ಅದೇ 1000 ಆಗುತ್ತದೆ. ನೀವು ಹುಡುಕುತ್ತಿರುವ ಏರಿಳಿತವೋ ಬರೀ ಮೂರ್ನಾಲ್ಕು ಮಿಲಿಸೆಕೆಂಡ್!

ಶಾಂತಾ_ಫಿಸಿಯೋ: ಸ್ಟ್ರಾಪ್ ಜಗಳ ಆಮೇಲೆ ಮಾಡಿ. ತೂಕ ಜಾಸ್ತಿ ಇರುವ ಅನೇಕರಿಗೆ ಸುಮ್ನೆ ಕೂತಾಗಲೇ ಎಚ್‌ಆರ್‌ವಿ ಕಡಿಮೆ ಇರುತ್ತದೆ, ಬಡಿತವನ್ನು ನಿಧಾನಗೊಳಿಸುವ ವೇಗಸ್ ನರದ ಹಿಡಿತ ಸಡಿಲ. ಮೊದಲೇ ತಳದಲ್ಲಿದ್ದರೆ ಇಳಿಯುವುದು ಕಾಣೋದು ಹೇಗೆ? ತಳ ಮುಟ್ಟಿತು ಅನ್ನಲು ಆರೋಗ್ಯವಂತರಿಗೆ ಬಳಸುವ 3 ಮಿಲಿಸೆಕೆಂಡ್ ಗಡಿ ಇವರಲ್ಲಿ ನಿಧಾನ ನಡಿಗೆಯಲ್ಲೇ ಬಂದುಬಿಡಬಹುದು. ಬಿಪಿಗೆ ಬೀಟಾ ಬ್ಲಾಕರ್ ತಗೊಳ್ಳುವವರ ಕಥೆ ಇನ್ನೂ ಬೇರೆ.

ಬಿರುನಡಿಗೆ: ಬೀಟಾ ಬ್ಲಾಕರ್ ಅಂದ್ರಲ್ಲ ಮೇಡಂ, ಆ ಮಾತ್ರೆ ಬಡಿತವನ್ನೇ ತಗ್ಗಿಸುತ್ತದೆ. ಆಗ 220ರ ಸೂತ್ರ ಇನ್ನೂ ಕೆಡುತ್ತದೆ ಅಲ್ವಾ? ನಾನು ಹೇಳಿದ್ದೂ ಅದನ್ನೇ.

ಹಳೇಕೋಚ್: ಇಷ್ಟೆಲ್ಲ ಯಾಕೆ? ನಡೆಯುತ್ತಾ ಪೂರ್ತಿ ವಾಕ್ಯ ಮಾತಾಡಲು ಆದರೆ ಸರಿ. ಆಗದಿದ್ದರೆ ಜಾಸ್ತಿ ಆಯಿತು. ಶ್ರಮ ಎಷ್ಟು ಅನಿಸುತ್ತದೆ ಅಂತ ನಾವೇ ಅಂಕ ಕೊಡುವ ಬೋರ್ಗ್ ಅಳತೆಯಲ್ಲಿ, 6ರಿಂದ 20ರೊಳಗೆ, 12–13 ಅನಿಸಿದರೆ ಸಾಕು.

ನಾಡಿಪ್ರಿಯ: ‘ಅನಿಸಿದರೆ’ ಅಂತೆ. ಅನಿಸಿಕೆ ಮೇಲೆ ವ್ಯಾಯಾಮ ಬರೆದುಕೊಡ್ತೀರಾ? ಎಚ್‌ಆರ್‌ವಿಯಿಂದಲೇ ಲೆಕ್ಕ ಹಾಕುವ ಡಿಎಫ್‌ಎ ಆಲ್ಫಾ 1 ಅಂತ ಒಂದು ಅಳತೆ ಇದೆ. ಅದು 0.75ಕ್ಕೆ ಇಳಿದರೆ ಮೊದಲ ಮಿತಿ, ಅಂದರೆ ಉಸಿರಾಟ ಜೋರಾಗಲು ಶುರುವಾಗುವ ಹಂತ. ಏರಿಳಿತ ಎಷ್ಟು ದೊಡ್ಡದು ಅಂತಲ್ಲ, ಅದರ ಮಾದರಿಯನ್ನು ನೋಡುತ್ತದೆ. ಮೇಡಂ ಹೇಳಿದ ತಳದ ತೊಂದರೆ ಅಲ್ಲಿಲ್ಲ.

ಶಾಂತಾ_ಫಿಸಿಯೋ: ‘ತೊಂದರೆ ಅಲ್ಲಿಲ್ಲ’ ಅಂತ ಅಷ್ಟು ಸುಲಭವಾಗಿ ಹೇಳಬೇಡಿ. 0.75 ಎಲ್ಲರಿಗೂ ಒಂದೇ ಜಾಗದಲ್ಲಿ ಬರುವುದಿಲ್ಲ. ನನ್ನ ಮುಂದೆ ಬರುವವರು ಮೊದಲೇ ಹೆದರಿರುತ್ತಾರೆ. ನಡಿಗೆ ಹಗುರ ಅನಿಸುತ್ತಿರುವಾಗ ‘ಮಿತಿ ದಾಟಿದ್ದೀರಿ’ ಅಂತ ಒಂದು ಅಂಕಿ ಹೇಳಿದರೆ ಅಲ್ಲೇ ಕೂತುಬಿಡುತ್ತಾರೆ.

ಹಳೇಕೋಚ್: ಅದಕ್ಕೇ ಮಾತಾಡಿಸಿ ನೋಡಿ ಅಂದಿದ್ದು.

ಬಿರುನಡಿಗೆ: ನಾಡಿಪ್ರಿಯ ಅವರೇ, ಆ ಆಲ್ಫಾ 1ಕ್ಕೂ ಸ್ಟ್ರಾಪ್ ಬೇಕು. ಉರಿಗೆ ಏನು ಮಾಡ್ತೀರಿ ಅಂತ ಇನ್ನೂ ಹೇಳಿಲ್ಲ.

ನಾಡಿಪ್ರಿಯ: ಒದ್ದೆ ಮಾಡಿ ಅಂದೆನಲ್ಲ! ಓದಿ ಉತ್ತರಿಸಿ.